ಮೊದಲು ಕೆಡುವುದು ಬಾರಿಸುವವರ ಕಿವಿ

ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಲಗ್ನದ ಹಂಗಾಮು ಶುರುವಾಯಿತೆಂದರೆ ಬ್ಯಾಂಡನ್ನು ಅಳೆಯುವ ಮಾಪು ಒಂದೇ: ಆವಾಜು. ಯಾವ ಪಾರ್ಟಿಯ ಹತ್ತಿರ ಎಷ್ಟು ಬೇಸ್ ಸ್ಪೀಕರ್ ಇವೆ, ಗಾಡಿಯ ಮೇಲೆ ಎಷ್ಟು ಹಾರ್ನ್ ಕಟ್ಟಿದ್ದಾರೆ, ಮೆರವಣಿಗೆ ಹಾದು ಹೋಗುವಾಗ ಮನೆಯ ಪತ್ರಾಸು ನಡುಗಿತೋ ಇಲ್ಲವೋ, ಇದನ್ನು ವಿಚಾರಿಸಿ ಸುಪಾರಿ, ಅಂದರೆ ಬಾಡಿಗೆಯ ಕರಾರು, ಕೊಡುತ್ತಾರೆ. ಹಾಡುವವರ ಶ್ರುತಿ ಹೇಗಿದೆ, ಬ್ಯಾಂಜೋ ನುಡಿಸುವವರ ಕೈಯಲ್ಲಿ ಮಾಧುರ್ಯ ಇದೆಯೇ ಎಂದು ಕೇಳುವವರು ಅಪರೂಪ. ‘ಆವಾಜ್ ಇಲ್ಲಂದ್ರ ಅದೇನ್ ಬ್ಯಾಂಡ್‌ರಿ?’ ಎನ್ನುವ ಮಾತು ವರನ ಕಡೆಯ ಹಿರಿಯರ ಬಾಯಲ್ಲೂ ಇದೆ, ಟೆಂಪೋ ಮುಂದೆ ಕುಣಿಯುವ ಹುಡುಗರ ಬಾಯಲ್ಲೂ ಇದೆ. ಬ್ಯಾಂಡಿನ ಮಾಲೀಕರೂ ಅದನ್ನೇ ನಂಬಿದ್ದಾರೆ. ಜಯಂತಿ, ಗಣಪತಿ, ಉರುಸು, ಜಾತ್ರೆಯ ಆರ್ಕೆಸ್ಟ್ರಾ, ಎಲ್ಲಿ ಹೋದರೂ ಈ ನಂಬಿಕೆಯೇ ನಡೆಯುತ್ತಿದೆ.

ಈ ನಂಬಿಕೆ ಸುಳ್ಳು ಎಂದು ಹೇಳುವುದಕ್ಕೇ ಈ ಲೇಖನ. ಆದರೆ ಇದನ್ನು ವಿರೋಧಿಸುವವರ ಮಾತೂ ಅರ್ಧಕ್ಕೇ ನಿಂತಿದೆ. ವಯಸ್ಸಾದವರ ನಿದ್ದೆ, ಪರೀಕ್ಷೆಗೆ ಓದುವ ಮಕ್ಕಳು, ಹೃದ್ರೋಗಿಗಳು, ಬಾಣಂತಿ ಮತ್ತು ಕೂಸು, ಇವರ ಬಗ್ಗೆ ಪತ್ರಿಕೆಗಳು ಬರೆಯುತ್ತವೆ, ಶಾಂತಿ ಸಭೆಗಳಲ್ಲಿ ಪೊಲೀಸರು ಹೇಳುತ್ತಾರೆ. ಎಲ್ಲವೂ ನಿಜ. ಆದರೆ ಆ ಪಟ್ಟಿಯಲ್ಲಿ ಬ್ಯಾಂಡಿನವರೇ ಇಲ್ಲ. ಅವರು ತೊಂದರೆ ಕೊಡುವವರು, ಉಳಿದವರು ತೊಂದರೆ ಉಂಡವರು ಎಂದು ಲೆಕ್ಕ ಹಾಕಿ ಕೈತೊಳೆದುಕೊಂಡಿದ್ದೇವೆ. ಕಿಟಕಿ ಮುಚ್ಚಿಕೊಂಡ ಮನೆಯವರಿಗೆ ಆ ಸಪ್ಪಳ ಕಾಲು ಗಂಟೆಯದು. ಬಾರಿಸುವವರಿಗೆ ಅದು ಇಡೀ ಹಂಗಾಮಿನದು, ಇಡೀ ಆಯುಷ್ಯದ್ದು.

ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ನೋಡಿದರೆ ಸಾಕು. ಬ್ಯಾಂಜೋ ಪಾರ್ಟಿಯಲ್ಲಿ ಬ್ಯಾಂಜೋ, ಕೀಬೋರ್ಡ್, ಪ್ಯಾಡ್ ನುಡಿಸುವವರು ಟೆಂಪೋ ಮೇಲೆಯೇ ಕುಳಿತಿರುತ್ತಾರೆ. ಮುಂದೆ ಸ್ಪೀಕರಿನ ಗೋಡೆ, ಹಿಂದೆ ಜನರೇಟರು, ನಡುವೆ ಅವರು. ಊದುವ ಬ್ಯಾಂಡಿನಲ್ಲಿ ಟ್ರಂಪೆಟ್ಟಿನವರ ಪಕ್ಕದಲ್ಲೇ ತಾಶೆ, ತಾಶೆಯ ಬೆನ್ನಿಗೆ ದೊಡ್ಡ ಢೋಲು, ಮೈಕು ಹಿಡಿದು ಹಾಡುವವರ ಹಿಂದೆ ಹಾರ್ನ್ ಕಟ್ಟಿದ ಕೈಗಾಡಿ. ಆ ಗಾಡಿ ನೂಕುವವರನ್ನು, ತಲೆಯ ಮೇಲೆ ದೀಪ ಹೊತ್ತು ನಡೆಯುವ ಹೆಂಗಸರನ್ನು, ಹುಡುಗರನ್ನು ಯಾರೂ ಕಲಾವಿದರೆಂದು ಎಣಿಸುವುದಿಲ್ಲ. ಸಪ್ಪಳ ಮಾತ್ರ ಅವರ ಕಿವಿಯನ್ನೂ ಬಿಡುವುದಿಲ್ಲ. ದಿಬ್ಬಣ ಮಂಟಪ ಮುಟ್ಟುವವರೆಗೆ ಅವರು ಅಲ್ಲಿಂದ ಕದಲುವಂತಿಲ್ಲ. ಮುಹೂರ್ತದ ದಿನಗಳಲ್ಲಿ ಒಂದೇ ದಿನಕ್ಕೆ ಎರಡು ಲಗ್ನ ಇದ್ದರೆ ಎರಡೂ ಕಡೆ ಅವರೇ.

ಈ ಸೀಮೆಯಲ್ಲಿ ಬ್ಯಾಂಡಿಗೆ ರಾಜ್ಯದ ಗಡಿ ಇಲ್ಲ. 1956ರವರೆಗೆ ಉದಗೀರ, ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಆಗಿನ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು, 1982ರಲ್ಲಿ ಲಾತೂರ ಬೇರೆ ಜಿಲ್ಲೆಯಾದಾಗ ಅದರ ಪಾಲಿಗೆ ಬಂದವು. ಉಮರ್ಗಾ ಉಸ್ಮಾನಾಬಾದಿನಲ್ಲೇ, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲೇ ಉಳಿಯಿತು. ನಕ್ಷೆ ಬದಲಾಯಿತು, ಬೀಗತನ ಬದಲಾಗಲಿಲ್ಲ. ಭಾಲ್ಕಿ, ಔರಾದ, ಬಸವಕಲ್ಯಾಣ, ಆಳಂದದ ಜೊತೆ ಹೆಣ್ಣು ಕೊಡುವುದು ತರುವುದು ಇಂದಿಗೂ ಇದೆ. ಆದ್ದರಿಂದ ಇದು ಮಹಾರಾಷ್ಟ್ರದ ಸಮಸ್ಯೆ, ನಮಗೆ ಸಂಬಂಧವಿಲ್ಲ ಎಂದು ಕರ್ನಾಟಕದ ಓದುಗರು ಪುಟ ತಿರುಗಿಸುವಂತಿಲ್ಲ.

ಆವಾಜಿನ ಪರ ಇರುವ ವಾದಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ್ದು ಬ್ಯಾಂಡಿನವರ ಬಾಯಲ್ಲೇ ಇದೆ: ‘ಕಿವಿಗಿ ರೂಢಿ ಆಗ್ತದ್ರಿ.’ ಮೊದಲ ವರ್ಷ ತ್ರಾಸು, ಆಮೇಲೆ ಏನೂ ಅನ್ನಿಸುವುದಿಲ್ಲ ಎಂದು ಹಳಬರು ಹೊಸಬರಿಗೆ ಧೈರ್ಯ ಹೇಳುತ್ತಾರೆ. ಏನೂ ಅನ್ನಿಸದಿರುವುದೇ ಇಲ್ಲಿ ರೋಗದ ಲಕ್ಷಣ. ಅಂಗೈ ದುಡಿದಷ್ಟು ದಪ್ಪಗಾಗುತ್ತದೆ. ಕಿವಿಗೆ ಆ ಗುಣ ಇಲ್ಲ. ಒಳಗಿವಿಯ ಬಸವನಹುಳುವಿನಾಕಾರದ ಕೊಳವೆಯಲ್ಲಿ ಸುಮಾರು 15,000 ಕೂದಲುಕೋಶಗಳಿವೆ. ಹುಟ್ಟುವಾಗ ಬಂದದ್ದೇ ಬಂಡವಾಳ. ಕೋಳಿಯ ಕಿವಿಯಲ್ಲಿ ಸತ್ತ ಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆಂದು 1980ರ ದಶಕದ ಕೊನೆಗೆ ವಿಜ್ಞಾನಿಗಳು ಕಂಡುಕೊಂಡರು. ಮನುಷ್ಯರಿಗೆ ಆ ಭಾಗ್ಯ ಇಲ್ಲ. ಗಾಳಿಗೆ ಬಾಗಿದ ಹಿಂಗಾರಿ ಜೋಳ ಒಂದೆರಡು ದಿನದಲ್ಲಿ ಎದ್ದು ನಿಲ್ಲುತ್ತದೆ, ದಂಟು ಮುರಿದದ್ದು ಏಳುವುದಿಲ್ಲ. ಬಾರಿಸಿ ಬಂದ ರಾತ್ರಿ ಕಿವಿ ಗುಂಯ್ ಅನ್ನುವುದು, ಮಾತು ಹತ್ತಿ ತುಂಬಿದಂತೆ ಕೇಳುವುದು, ಬೆಳಗಾಗುವ ಹೊತ್ತಿಗೆ ಸರಿಹೋಗುವುದು, ಇದು ಬಾಗಿ ಎದ್ದ ಕೋಶದ ಸುದ್ದಿ. ಹಾಗೆ ಬಗ್ಗಿಸುತ್ತ ಹೋದರೆ ಒಂದು ಹಂಗಾಮಿನಲ್ಲಿ ಆ ಗುಂಯ್ ನಿಲ್ಲುವುದೇ ಇಲ್ಲ. ಅದಕ್ಕೆ ಮದ್ದು ಇನ್ನೂ ಸಿಕ್ಕಿಲ್ಲ.

ಮಧ್ಯಗಿವಿಯ ಸಣ್ಣ ಸ್ನಾಯು ದೊಡ್ಡ ಸದ್ದಿಗೆ ಬಿಗಿದುಕೊಂಡು ತುಸು ರಕ್ಷಣೆ ಕೊಡುತ್ತದೆ ನಿಜ. ಆದರೆ ಅದು ಬಿಗಿದುಕೊಳ್ಳುವ ಮೊದಲೇ ತಾಶೆಯ ಏಟು ಒಳಗೆ ಹೋಗಿರುತ್ತದೆ, ಎಡೆಬಿಡದ ಸದ್ದಿಗೆ ಅದು ದಣಿದು ಸಡಿಲಾಗುತ್ತದೆ. ಪ್ರಕೃತಿ ಕೊಟ್ಟ ಕಾವಲು ಅಷ್ಟೇ. ರೂಢಿಯಾಯಿತು ಎಂದುಕೊಂಡವರಿಗೆ ಆಗಿರುವುದು ನಷ್ಟ. ಮುಂಚೆ ಚುಚ್ಚುತ್ತಿದ್ದ ಸ್ವರ ಈಗ ಚುಚ್ಚುತ್ತಿಲ್ಲ ಎಂದರೆ ಅದನ್ನು ಹಿಡಿಯುತ್ತಿದ್ದ ಕೋಶ ಉಳಿದಿಲ್ಲ ಎಂದು ಅರ್ಥ.

ಈ ನಷ್ಟಕ್ಕೆ ಒಂದು ಕ್ರಮ ಇದೆ. ಸದ್ದಿನಿಂದ ಕೆಡುವ ಕಿವಿ ಮೊದಲು ಕಳೆದುಕೊಳ್ಳುವುದು 4,000 ಹರ್ಟ್ಸ್ ಆಸುಪಾಸಿನ ಮೇಲಿನ ಸ್ವರಗಳನ್ನು. ಢೋಲು ಕೇಳುತ್ತದೆ, ಬೇಸ್ ಕೇಳುತ್ತದೆ, ಆದ್ದರಿಂದ ಕಿವಿ ಚೆನ್ನಾಗಿದೆ ಎಂಬ ಭ್ರಮೆ ಉಳಿಯುತ್ತದೆ. ಹೋಗುವುದು ತಾಳದ ಕಿಣಿಕಿಣಿ, ಸನಾದಿಯ ಮೇಲ್ಪದರದ ಹೊಳಪು, ಹೆಣ್ಣುಮಕ್ಕಳ ಮತ್ತು ಕೂಸುಗಳ ದನಿ, ಮಾತಿನಲ್ಲಿ ಸ, ಶ, ತ, ಕ ಅಕ್ಷರಗಳ ಅಂಚು. ದನಿ ಬಂದದ್ದು ತಿಳಿಯುತ್ತದೆ, ಏನಂದರೆಂದು ತಿಳಿಯುವುದಿಲ್ಲ. ಮನೆಯಲ್ಲಿ ಮಗಳು ಎರಡು ಸಲ ಹೇಳುತ್ತಾಳೆ, ಮೂರನೆಯ ಸಲಕ್ಕೆ ‘ಇರ್ಲಿ ಬಿಡು’ ಅನ್ನುತ್ತಾಳೆ. ಅಲ್ಲಿಂದ ಆ ಮನುಷ್ಯ ಮನೆಯ ಮಾತಿನಿಂದ ಹೊರಗೆ.

ಈ ಗಡಿಯಲ್ಲಿ ಅದರ ಪೆಟ್ಟು ಇನ್ನೂ ಆಳ. ಉಮರ್ಗಾ, ನಿಲಂಗಾ, ಉದಗೀರದ ಬಹಳಷ್ಟು ಕನ್ನಡ ಮನೆಗಳಲ್ಲಿ ಓದು ಬರಹ ಮರಾಠಿಯದು, ಕನ್ನಡ ಇರುವುದು ಕಿವಿ ಮತ್ತು ನಾಲಿಗೆಯಲ್ಲಿ ಮಾತ್ರ. ಅವ್ವ ಹೇಳಿದ ಗಾದೆ, ಸೋಬಾನೆ, ಭಜನೆಯ ಪದ, ಬಾಯಿಪಾಠವಾದ ವಚನ, ಯಾವುದೂ ಅವರಿಗೆ ಪುಸ್ತಕದಲ್ಲಿ ಸಿಗುವುದಿಲ್ಲ. ಅಂಥ ಮನೆಯ ವಾದಕರ ಕಿವಿ ಕೆಟ್ಟರೆ ಮರಾಠಿ ಪತ್ರಿಕೆ ಓದಿ ಜಗತ್ತಿನ ಸುದ್ದಿ ತಿಳಿದುಕೊಂಡಾರು, ತಾಯಿನುಡಿಗೆ ಬೇರೆ ಬಾಗಿಲೇ ಇಲ್ಲ. ಗಡಿನಾಡ ಕನ್ನಡ ಉಳಿಸಬೇಕೆಂದು ಭಾಷಣ ಮಾಡುವ ಸಮಾರಂಭಗಳಲ್ಲೇ ಡಾಲ್ಬಿ ಎಂದು ಕರೆಯುವ ದೊಡ್ಡ ಸ್ಪೀಕರುಗಳ ಗೋಡೆ ನಿಲ್ಲಿಸಿ ಹಾಡು ಹಾಕುತ್ತಾರೆ. ಕನ್ನಡ ಉಳಿದಿರುವ ಒಂದೇ ಜಾಗವನ್ನು ನಾವೇ ಹೊಡೆಯುತ್ತಿದ್ದೇವೆ.

ಎಷ್ಟು ಸದ್ದನ್ನು ಎಷ್ಟು ಹೊತ್ತು ಕಿವಿ ತಾಳುತ್ತದೆ ಎಂಬುದು ಗುಟ್ಟೇನಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಿಯೋಷ್ ಹಾಕಿಕೊಟ್ಟ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. ಯಂತ್ರದ ಶಕ್ತಿ ದುಪ್ಪಟ್ಟಾದರೆ ಏರುವುದು 3 ಡೆಸಿಬೆಲ್, ಕಿವಿಗೆ ಆ ಏರಿಕೆ ಬರೀ ತುಸು ಹೆಚ್ಚಾದಂತೆ ಕೇಳುತ್ತದೆ. ಆದ್ದರಿಂದಲೇ ಮಿಕ್ಸರಿನ ಮೇಲೆ ಕೈ ಇಟ್ಟವರು ‘ಇನ್ನೊಂದೀಟು’ ಎಂದು ಏರಿಸುವಾಗ ತಪ್ಪು ಮಾಡುತ್ತಿದ್ದೇವೆ ಅನ್ನಿಸುವುದಿಲ್ಲ. ಕೇಳಲು ಈಟೇ ಹೆಚ್ಚಾದ ಆ ಸದ್ದು ವಾದಕರ ಸುರಕ್ಷಿತ ಹೊತ್ತನ್ನು ಅರ್ಧಕ್ಕೆ ಇಳಿಸಿರುತ್ತದೆ. ಬರೀ ಡ್ರಮ್‌ಸೆಟ್ಟಿನ ಪಕ್ಕದಲ್ಲೇ ಸದ್ದು 100 ಡೆಸಿಬೆಲ್ ದಾಟುತ್ತದೆ. ಅದರ ಮೇಲೆ ಹಾರ್ನು, ಬೇಸು ಸೇರಿದರೆ ಒಂದು ದಿನಕ್ಕೆ ಸಲ್ಲುವ ಪಾಲು ಮೊದಲ ಮೂರ್ನಾಲ್ಕು ಹಾಡಿನಲ್ಲೇ ಮುಗಿದಿರುತ್ತದೆ. ಉಳಿದ ಹೊತ್ತಿನದೆಲ್ಲ ಕಿವಿಯ ಬಂಡವಾಳ ತಿನ್ನುವುದೇ.

ಎರಡನೆಯ ವಾದ: ಇದು ಬಯಲು, ನಾಟಕದ ಥಿಯೇಟರಲ್ಲ, ಸದ್ದು ಗಾಳಿಯಲ್ಲಿ ಚದುರಿ ಹೋಗುತ್ತದೆ. ಹೌದು, ಚದುರುತ್ತದೆ, ದೂರ ಇದ್ದವರಿಗೆ. ಬಯಲಿನಲ್ಲಿ ಒಂದು ಸಣ್ಣ ಮೂಲದಿಂದ ಹೊರಟ ಸದ್ದು ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಸ್ಪೀಕರಿನಿಂದ 1 ಮೀಟರಿನಲ್ಲಿ 100 ಇದ್ದದ್ದು 2 ಮೀಟರಿಗೆ 94, 4ಕ್ಕೆ 88, 8ಕ್ಕೆ 82, 16 ಮೀಟರಿಗೆ 76. ಈ ಲೆಕ್ಕ ಯಾರ ಪರ ಇದೆ? ಹದಿನಾರು ಮೀಟರ್ ಆಚೆ ಕಟ್ಟೆಯ ಮೇಲೆ ಕುಳಿತು ನೋಡುವವರ ಪರ. ಮೊದಲ ಮೀಟರಿನಲ್ಲಿ ನಿಂತವರಿಗೆ ಬಯಲಿನಿಂದ ಏನೂ ಲಾಭ ಇಲ್ಲ. ಊರಿನ ಇಕ್ಕಟ್ಟಾದ ಓಣಿಯಲ್ಲಿ ಎರಡೂ ಕಡೆ ಗೋಡೆ ಇರುವಾಗ ಸದ್ದು ಇಷ್ಟೂ ಇಳಿಯುವುದಿಲ್ಲ, ತಿರುಗಿ ಬಂದು ಬಾರಿಸುವವರ ಮೇಲೇ ಬೀಳುತ್ತದೆ. ಮತ್ತು ಮೆರವಣಿಗೆಯ ತುದಿಯಲ್ಲಿ ಇದ್ದವರಿಗೂ ಜೋರಾಗಿ ಕೇಳಬೇಕೆಂದು ಏರಿಸಿದ ಪ್ರತಿ ಡೆಸಿಬೆಲ್ಲೂ ಮೊದಲು ವಾದಕರ ಕಿವಿಯನ್ನು ಹಾದೇ ಮುಂದೆ ಹೋಗಬೇಕು.

ಮೂರನೆಯ ವಾದ ವೇದಿಕೆಯದು, ಜಾತ್ರೆಯ ಆರ್ಕೆಸ್ಟ್ರಾಗಳಲ್ಲಿ ಕೇಳುವಂಥದ್ದು: ನಮ್ಮ ದನಿ ನಮಗೇ ಕೇಳುವುದಿಲ್ಲ, ಅದಕ್ಕೆ ಏರಿಸಲೇಬೇಕು. ಇದು ಪ್ರಾಮಾಣಿಕವಾದ ಕಷ್ಟ. ಅದಕ್ಕೆ ಕಂಡುಕೊಂಡ ಪರಿಹಾರವೇ ಕಷ್ಟದ ಮೂಲ ಎಂಬುದನ್ನು ಕಾಣದಿರುವುದು ತಪ್ಪು. ಡ್ರಮ್ಮು ಜೋರಾಗಿ ಬಿದ್ದರೆ ಹಾಡುವವರು ಮಾನಿಟರ್ ಏರಿಸೆನ್ನುತ್ತಾರೆ. ಮಾನಿಟರ್ ಏರಿದರೆ ಕೀಬೋರ್ಡ್ ಮುಚ್ಚಿಹೋಗುತ್ತದೆ, ಅದನ್ನೂ ಏರಿಸುತ್ತಾರೆ. ಈಗ ಡ್ರಮ್ಮಿನವರಿಗೆ ತಮ್ಮ ಪೆಟ್ಟು ಸಣ್ಣದೆನಿಸಿ ಇನ್ನೂ ಜೋರಾಗಿ ಹೊಡೆಯುತ್ತಾರೆ. ಮಾನಿಟರಿನ ಸದ್ದು ಮೈಕಿಗೆ ಹೊಕ್ಕು ಕೀಂಯ್ ಎಂದು ಕಿರುಚುತ್ತದೆ. ಸುತ್ತಲಿನ ಗದ್ದಲ ಏರಿದಂತೆ ಮನುಷ್ಯ ತನಗೆ ತಿಳಿಯದೆಯೇ ದನಿ ಏರಿಸುತ್ತಾನೆಂದು ಫ್ರಾನ್ಸಿನ ಕಿವಿವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ತೋರಿಸಿದ. ನಮ್ಮ ಗಾಯಕ ಗಾಯಕಿಯರು ಗಂಟಲು ಒಡೆದುಕೊಳ್ಳುವುದಕ್ಕೆ ಈ ಏರಾಟವೂ ಒಂದು ಕಾರಣ. ಕಿವಿ ಒಂದು ಕಡೆ, ಗಂಟಲು ಇನ್ನೊಂದು ಕಡೆ, ಎರಡನ್ನೂ ಸುಟ್ಟು ಕೊನೆಗೆ ಕೇಳುಗರಿಗೆ ಸಿಗುವುದು ಹಾಡಿನ ಸಾಹಿತ್ಯ ತಿಳಿಯದ ಕಲಸುಮೇಲೋಗರ.

ಪರಿಹಾರ ಇಳಿಸುವುದರಲ್ಲಿದೆ, ಅದಕ್ಕೆ ಲಕ್ಷ ರೂಪಾಯಿಯ ಯಂತ್ರ ಬೇಕಿಲ್ಲ. ಮೊದಲು ಗಾಯಕರ ಸಹಜ ದನಿಯನ್ನು ಮೈಕಿನಲ್ಲಿ ಇಟ್ಟು, ಉಳಿದ ವಾದ್ಯಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಈಗ ನಡೆಯುತ್ತಿರುವುದು ತಿರುವುಮುರುವು. ಕೀಬೋರ್ಡಿನ ಸ್ಪೀಕರನ್ನು ನೆಲದಲ್ಲಿಟ್ಟು ಮೊಣಕಾಲಿಗೆ ಸದ್ದು ಬಿಡುವ ಬದಲು ಸ್ಟೂಲಿನ ಮೇಲೆ ಎತ್ತಿ, ನುಡಿಸುವವರ ಕಿವಿಯ ಕಡೆ ವಾಲಿಸಿದರೆ ಕಡಿಮೆ ಸದ್ದೇ ಸಾಕಾಗುತ್ತದೆ. ದೊಡ್ಡ ಸ್ಪೀಕರುಗಳು ವಾದಕರ ಸಾಲಿಗಿಂತ ಮುಂದಿರಬೇಕು, ಅವರ ಬೆನ್ನಿಗೆ ಎಂದೂ ಇರಬಾರದು. ಡ್ರಮ್ಮನ್ನು ಗಾಯಕರ ತಲೆಯ ನೇರ ಹಿಂದೆ ಕೂಡಿಸಬಾರದು. ಟೆಂಪೋದಲ್ಲಾದರೆ ಬೇಸುಗಳನ್ನು ಮುಂತುದಿಗೆ ಸರಿಸಿ ವಾದಕರನ್ನು ಹಿಂದಕ್ಕೆ ಕೂಡಿಸಿ, ಜನರೇಟರನ್ನು ಬೇರೆ ಗಾಡಿಗೆ ಕಟ್ಟಬೇಕು. ತಾಸಿಗೊಮ್ಮೆ ಹತ್ತು ನಿಮಿಷ ಬಿಡುವು ಕೊಡಬೇಕು, ಆ ಹತ್ತು ನಿಮಿಷ ಪೆನ್‌ಡ್ರೈವಿನ ಹಾಡನ್ನೂ ಹಾಕಬಾರದು.

ಕಿವಿಗೆ ಹತ್ತಿ ಇಟ್ಟುಕೊಂಡರೆ ಆಯಿತು ಎನ್ನುವವರಿದ್ದಾರೆ. ಹತ್ತಿ ತಡೆಯುವುದು ನಾಲ್ಕಾರು ಡೆಸಿಬೆಲ್ ಅಷ್ಟೇ. ಫೋಮಿನ ಬಿರಡೆ ಸರಿಯಾಗಿ ಹೊಸೆದು ಒಳಗಿಟ್ಟರೆ 20 ಡೆಸಿಬೆಲ್ಲಿನವರೆಗೂ, ಅದಕ್ಕೂ ಹೆಚ್ಚು ತಡೆಯುತ್ತದೆ, ಬೆಲೆ ಎರಡು ಕಪ್ ಚಹಾದಷ್ಟು. ಅದು ಮೇಲಿನ ಸ್ವರಗಳನ್ನು ಹೆಚ್ಚು ತಿನ್ನುವುದರಿಂದ ಹಾಡು ಮಬ್ಬಾಗಿ ಕೇಳುತ್ತದೆ ಎಂಬ ದೂರು ನಿಜ. ಅದಕ್ಕೆಂದೇ ಎಲ್ಲ ಸ್ವರಗಳನ್ನೂ ಸಮನಾಗಿ ಇಳಿಸುವ ಸಂಗೀತಗಾರರ ಬಿರಡೆ 1980ರ ದಶಕದಿಂದಲೇ ಇದೆ. ದುಬಾರಿ, ಆದರೆ ಒಂದು ಬೇಸಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ. ಇನ್ನೊಂದು ಬೇಸು ಕೊಳ್ಳಲು ಸಾಲ ಮಾಡುವ ಪಾರ್ಟಿ ಹತ್ತು ಜನರ ಕಿವಿಗೆ ಖರ್ಚು ಮಾಡಲು ಹಿಂಜರಿಯುತ್ತದೆ ಎಂದರೆ ನಮ್ಮ ಲೆಕ್ಕವೇ ಕೆಟ್ಟಿದೆ.

ನಾಲ್ಕನೆಯ ವಾದ ಪರಂಪರೆಯ ಹೆಸರಿನದು. ನಮ್ಮ ವಾದ್ಯಗಳೇ ಗಟ್ಟಿ, ಹಲಗಿ ಏನು ಪಿಸುಗುಟ್ಟುತ್ತದೆಯೇ ಎಂದು ಕೇಳುತ್ತಾರೆ. ಹಲಗಿ ಗಟ್ಟಿ ವಾದ್ಯವೇ. ಬೆಂಕಿಗೆ ಹಿಡಿದು ಬಿಗಿಗೊಳಿಸಿದ ಹಲಗಿಯ ಪೆಟ್ಟು ಬಾರಿಸುವವರ ಕಿವಿಗೆ ಹಾನಿ ಮಾಡಬಲ್ಲದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ವಾದ್ಯಕ್ಕೆ ಒಂದು ಮಿತಿ ಇತ್ತು: ಮನುಷ್ಯರ ತೋಳು. ತೋಳು ದಣಿದಾಗ ಸದ್ದು ಇಳಿಯುತ್ತಿತ್ತು, ಚರ್ಮ ಸಡಿಲಾದಾಗ ಮತ್ತೆ ಕಾಯಿಸಲು ನಿಲ್ಲಿಸುತ್ತಿದ್ದರು, ಊದುವವರು ಉಸಿರು ತೆಗೆದುಕೊಳ್ಳುತ್ತಿದ್ದರು. ಆಂಪ್ಲಿಫಯರಿಗೆ ತೋಳೂ ಇಲ್ಲ, ಉಸಿರೂ ಇಲ್ಲ. ಅದು ಬಂದ ದಿನವೇ ಪರಂಪರೆಯ ಮಿತಿ ಮುರಿಯಿತು. ಮುರಿದ ಮೇಲೆ ಪರಂಪರೆಯ ಹೆಸರು ಹೇಳುವುದು ನ್ಯಾಯವಲ್ಲ.

ನಮ್ಮ ಪರಂಪರೆ ಜೋರನ್ನೇ ಮೆಚ್ಚಿತ್ತು ಎಂಬುದೂ ಸುಳ್ಳು. ಉಮರ್ಗಾದ ನೆರೆಯ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯದೇ ವಾದ್ಯ ಸುಂದರಿ. ಶಹನಾಯಿಗಿಂತ ಚಿಕ್ಕದು, ಮೇಲಿನ ಸ್ಥಾಯಿಯಲ್ಲಿ ನುಡಿಯುವಂಥದು. ಅಕ್ಕಲಕೋಟೆ ಸಂಸ್ಥಾನದ ಆಶ್ರಯ ಪಡೆದ ಜಾಧವ ಮನೆತನ ಅದನ್ನು ಬೆಳೆಸಿತು, ಪಂಡಿತ ಸಿದ್ರಾಮ ಜಾಧವ, ಭೀಮಣ್ಣ ಜಾಧವ ಅದನ್ನು ಶಾಸ್ತ್ರೀಯ ಕಚೇರಿಯವರೆಗೆ ಕೊಂಡೊಯ್ದರು. ಅದಕ್ಕೆ ಸಿಕ್ಕ ಗೌರವ ಇಂಪಿಗೆ ಸಿಕ್ಕದ್ದು. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿ ಕಣ್ಣೊರೆಸಿಕೊಂಡ ಕನ್ನಡಿಗರು ಅದರ ಆವಾಜು ಎಷ್ಟೆಂದು ಅಳೆದಿರಲಿಲ್ಲ. ಅಂಥ ಸನಾದಿಯನ್ನು ಈಗ ಲಗ್ನಕ್ಕೆ ಕರೆದರೂ ಡಾಲ್ಬಿಯ ಪಕ್ಕದಲ್ಲಿ ಅದರ ಸ್ವರ ಯಾರಿಗೂ ಮುಟ್ಟುವುದಿಲ್ಲ. ಪರಂಪರೆಯ ಹೆಸರಿನಲ್ಲಿ ಪರಂಪರೆಯನ್ನೇ ಮುಳುಗಿಸಿದ್ದೇವೆ.

ಇನ್ನೊಂದನ್ನೂ ಹೇಳಲೇಬೇಕು. ಹಲಗಿ, ಸನಾದಿ ಬಾರಿಸುವ ಕೆಲಸವನ್ನು ಜಾತಿ ಪದ್ಧತಿ ಮಾತಂಗ, ಹೊಲಾರ ಮುಂತಾದ ಸಮುದಾಯಗಳ ಹೆಗಲಿಗೆ ಹಾಕಿತ್ತು. ಇಂದಿಗೂ ಬ್ಯಾಂಡಿನಲ್ಲಿ ದುಡಿಯುವವರಲ್ಲಿ ದೊಡ್ಡ ಪಾಲು ದಲಿತರು, ಬಡ ಮುಸ್ಲಿಮರು, ಭೂಮಿ ಇಲ್ಲದವರು. ಅವರ ಕಿವಿಯ ಬಗ್ಗೆ ಇಷ್ಟು ವರ್ಷ ಯಾರೂ ಮಾತಾಡದಿರುವುದಕ್ಕೆ ಮರೆವು ಕಾರಣವಲ್ಲ. ನಮ್ಮ ಹಬ್ಬಕ್ಕೆ ಅವರ ಮೈ ಸವೆಯುವುದು ಸಹಜವೆಂದು ಸಮಾಜ ಒಪ್ಪಿಕೊಂಡಿದೆ. ಲಗ್ನದ ಊಟದಲ್ಲಿ ಕೊನೆಯ ಪಂಕ್ತಿ ಯಾರಿಗೆ ಸಿಗುತ್ತದೆಯೋ ಅವರ ಕಿವಿಯೂ ಆ ಪಂಕ್ತಿಯಲ್ಲೇ ಕುಳಿತಿದೆ.

ಐದನೆಯ ವಾದ: ರಾತ್ರಿ ಹತ್ತಕ್ಕೆ ನಿಲ್ಲಿಸುತ್ತೇವಲ್ಲ, ಕಾನೂನು ಪಾಲಿಸಿದಂತಾಯಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ನಿಷೇಧಿಸುತ್ತವೆ, ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಲು ರಾಜ್ಯಗಳಿಗೆ ಅಧಿಕಾರ ಇದೆ. ಜನ ಇಷ್ಟನ್ನೇ ಕಾನೂನು ಎಂದುಕೊಂಡಿದ್ದಾರೆ. ಅದೇ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್ ಎಂದಿದೆ. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಬಳಸಿದರೆ ಅದರ ಎಲ್ಲೆಯಲ್ಲಿ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಮೇಲಕ್ಕೆ ಅಥವಾ 75ಕ್ಕೆ, ಎರಡರಲ್ಲಿ ಕಡಿಮೆ ಯಾವುದೋ ಅದಕ್ಕೆ ನಿಲ್ಲಬೇಕು. ಆಸ್ಪತ್ರೆ, ಶಾಲೆ, ನ್ಯಾಯಾಲಯದ 100 ಮೀಟರ್ ಸುತ್ತ ಇನ್ನೂ ಬಿಗಿ. ಇದು ಕೇಂದ್ರದ ನಿಯಮ, ಉದಗೀರಕ್ಕೂ ಭಾಲ್ಕಿಗೂ ಒಂದೇ. ಜಾರಿಯಾಗುತ್ತಿರುವುದು ಗಡಿಯಾರದ ಭಾಗ ಮಾತ್ರ.

ಗಡಿಯಾರದ ಕಾನೂನು ಯಾರನ್ನು ಹೊಡೆಯಿತು ನೋಡಿ. ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಕಚೇರಿಗಳು ರಾತ್ರಿ ಹತ್ತಕ್ಕೆ ಮುಗಿಯಬೇಕಾಯಿತು, ನಡುರಾತ್ರಿಯ ರಾಗಗಳು ತಮ್ಮ ಹೊತ್ತು ಕಳೆದುಕೊಂಡವು. ಬೆಳತನಕ ಆಡುವ ದೊಡ್ಡಾಟಕ್ಕೂ ಅದೇ ಗತಿ. ತಂಬೂರಿಯ ಸಂಗೀತ ಅಪರಾಧವಾಯಿತು, ಮಧ್ಯಾಹ್ನ ಮೂರಕ್ಕೆ ಶಾಲೆಯ ಮುಂದೆ ಎದೆ ನಡುಗಿಸುವ ಡಾಲ್ಬಿ ಹೊತ್ತಿನೊಳಗೇ ಇದೆ ಎಂದು ಪಾರಾಯಿತು. ಅಳೆಯಬೇಕಾದ್ದು ಸದ್ದನ್ನು, ಅಳೆಯುತ್ತಿರುವುದು ಹೊತ್ತನ್ನು.

ವಾದಕರ ವಿಷಯದಲ್ಲಂತೂ ಕಾನೂನು ಪೂರ್ತಿ ಮೌನ. 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಸದ್ದಿನಿಂದ ಬರುವ ಕಿವುಡುತನ ವರದಿ ಮಾಡಲೇಬೇಕಾದ ರೋಗವಾಗಿತ್ತು. ಕಾರ್ಮಿಕರ ಪರಿಹಾರದ 1923ರ ಕಾಯ್ದೆಯೂ ಅದನ್ನು ದುಡಿಮೆಯಿಂದ ಬರುವ ರೋಗವೆಂದು ಒಪ್ಪಿತ್ತು. ಗಿರಣಿಯಲ್ಲಿ ಕೆಟ್ಟ ಕಿವಿಗೆ ಹೆಸರಿದೆ, ಟೆಂಪೋ ಮೇಲೆ ಕೆಟ್ಟ ಕಿವಿಗೆ ಹೆಸರಿಲ್ಲ, ಏಕೆಂದರೆ ಅಲ್ಲಿ ಹಾಜರಿ ಪುಸ್ತಕವೂ ಇಲ್ಲ, ಹೊಣೆ ಹೊರುವ ಮಾಲೀಕರೂ ಇಲ್ಲ. ಅಂಗವಿಕಲರ ಪ್ರಮಾಣಪತ್ರ ಕೇಳಲು ಹೋದರೆ 2016ರ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ, ಮಾತಿನ ಸ್ವರಗಳಲ್ಲಿ, ಕನಿಷ್ಠ 60 ಡೆಸಿಬೆಲ್ ನಷ್ಟವಾಗಿರಬೇಕು. ಸದ್ದಿನ ಕಿವುಡು ಮೊದಲು ತಿನ್ನುವುದು ಮೇಲಿನ ಸ್ವರಗಳನ್ನು. ನುಡಿಸುವ ಬದುಕು ಮುಗಿದ ಎಷ್ಟೋ ವರ್ಷಗಳ ಮೇಲೂ ಆ ವಾದಕರು ಸರ್ಕಾರದ ದೃಷ್ಟಿಯಲ್ಲಿ ಚೆನ್ನಾಗಿಯೇ ಕೇಳುವವರು.

ಕಲೆಯ ವಿಷಯದಲ್ಲಿ ಇಂಥ ಲೆಕ್ಕ ಹಾಕಬಾರದು ಎನ್ನುವವರಿಗೆ ಲಂಡನ್ನಿನ ಒಂದು ತೀರ್ಪು ಉತ್ತರ. 2012ರಲ್ಲಿ ರಾಯಲ್ ಆಪೆರಾ ಹೌಸಿನಲ್ಲಿ ಜರ್ಮನ್ ಸಂಗೀತಕಾರ ವಾಗ್ನರನ ಕೃತಿಯ ತಾಲೀಮು ನಡೆದಾಗ ಹಿತ್ತಾಳೆಯ ವಾದ್ಯಗಳ ಮುಂದೆ ಕುಳಿತಿದ್ದ ವಯೋಲಾ ವಾದಕರೊಬ್ಬರ ಕಿವಿ ಕೆಟ್ಟಿತು, ವೃತ್ತಿಯೇ ಮುಗಿಯಿತು. ಸುಂದರ ಸಂಗೀತ ಹುಟ್ಟಿಸುವುದೇ ನಮ್ಮ ಕೆಲಸ, ಕಾರ್ಖಾನೆಯ ನಿಯಮ ನಮಗೆ ಹಚ್ಚಬಾರದು ಎಂದು ಸಂಸ್ಥೆ ವಾದಿಸಿತು. 2018ರಲ್ಲಿ ಹೈಕೋರ್ಟು ಅದನ್ನು ಒಪ್ಪಲಿಲ್ಲ, 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ವಾದಕರ ಪರವೇ ನಿಂತಿತು. ವಾಗ್ನರನಿಗೆ ಸಿಗದ ರಿಯಾಯಿತಿ ನಮ್ಮ ಡಾಲ್ಬಿಗೆ ಏಕೆ ಸಿಗಬೇಕು?

ಆರನೆಯ ವಾದವನ್ನು ಬೇಗ ಮುಗಿಸಬಹುದು: ನಮ್ಮ ಹಬ್ಬಕ್ಕೇ ಏಕೆ, ಅವರದಕ್ಕೆ ಏಕಿಲ್ಲ? ಯಾವ ಧರ್ಮವೂ ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿದ್ದು ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲಿ. 2005ರ ಜುಲೈ 18ರ ದೊಡ್ಡ ತೀರ್ಪು ಯಾವ ಒಂದು ಧರ್ಮದ್ದೂ ಅಲ್ಲ. ಅತ್ಯಾಚಾರಕ್ಕೀಡಾದ 13 ವರ್ಷದ ಹುಡುಗಿಯ ಕೂಗು ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಲಿಲ್ಲ, ಆಕೆ ಬೆಂಕಿ ಹಚ್ಚಿಕೊಂಡು ಸತ್ತಳು. ಆ ಘಟನೆಯಿಂದ ನೊಂದು ಹಾಕಿದ ಅರ್ಜಿಯ ಮೇಲೆ ಬಂದ ತೀರ್ಪದು. ಧ್ವನಿವರ್ಧಕದಿಂದ ಸದ್ದು ಹೆಚ್ಚಿಸುವುದು ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಕೋರ್ಟು ಅಲ್ಲಿ ಹೇಳಿದೆ. ಗಣಪತಿಯ ಟೆಂಪೋ ಮೇಲೂ, ಉರುಸಿನ ಸಂದಲಿನಲ್ಲೂ, ಬಸವ ಜಯಂತಿ, ಭೀಮ ಜಯಂತಿ, ಶಿವ ಜಯಂತಿಯಲ್ಲೂ ದುಡಿಯುವ ಬ್ಯಾಂಡು ಒಂದೇ. ಅವರ ಕಿವಿಗೆ ಧರ್ಮ ಇಲ್ಲ.

ಕೊನೆಯ ವಾದ ಹೊಟ್ಟೆಪಾಡಿನದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ‘ನಾವ್ ಕಮ್ಮಿ ಮಾಡಿದ್ರ ಸುಪಾರಿ ಪಕ್ಕದ ಪಾರ್ಟಿಗಿ ಹೋಗ್ತದ.’ ನಿಜ, ಒಂದು ಪಾರ್ಟಿ ಒಂಟಿಯಾಗಿ ಇಳಿಸಿದರೆ ಸೋಲುತ್ತದೆ. ಆದರೆ ಈ ಏರಾಟದಲ್ಲಿ ಗೆದ್ದವರು ಯಾರು? ಒಬ್ಬರು ಎರಡು ಬೇಸು ತಂದರೆ ಇನ್ನೊಬ್ಬರು ನಾಲ್ಕು ತರುತ್ತಾರೆ. ಸಾಲ ಏರುತ್ತದೆ, ಡೀಸೆಲ್ ಏರುತ್ತದೆ, ಬಾಡಿಗೆಯ ದೊಡ್ಡ ಪಾಲು ಯಂತ್ರಕ್ಕೆ ಹೋಗಿ ನುಡಿಸುವವರ ಕೂಲಿ ಅಲ್ಲೇ ನಿಲ್ಲುತ್ತದೆ. ಆವಾಜನ್ನೇ ಮಾರುವುದಾದರೆ ನುಡಿಸುವವರೇ ಬೇಡ, ಒಂದು ಪೆನ್‌ಡ್ರೈವು ಸಾಕು. ಡಿಜೆ ಬಂದು ಊರೂರಿನ ಊದುವ ಬ್ಯಾಂಡುಗಳನ್ನು ನುಂಗಿದ್ದು ಹೀಗೆಯೇ. ಜೋರಿನ ಸ್ಪರ್ಧೆಗಿಳಿದ ದಿನ ವಾದಕರು ತಮ್ಮ ಕೈಯ ಕಸುಬನ್ನು ಬಿಟ್ಟು ಯಂತ್ರದ ಅಂಗಳದಲ್ಲಿ ಕುಸ್ತಿಗೆ ನಿಂತರು. ಯಂತ್ರವನ್ನು ಮೀರಿಸಲು ಅವರ ಬಳಿ ಇರುವುದು ಇಂಪು, ಲಯ, ಕೇಳುಗರ ಮುಖ ನೋಡಿ ಹಾಡು ಬದಲಿಸುವ ಚಾತುರ್ಯ. ಅದನ್ನು ಕೇಳಿಸಲು ಆವಾಜು ಇಳಿಯಬೇಕು.

ಅದಕ್ಕೆ ಒಂದು ತಾಲೂಕಿನ ಪಾರ್ಟಿಗಳೆಲ್ಲ ಕೂಡಿ ಮಾತಾಡಿಕೊಳ್ಳಬೇಕು: ಇಷ್ಟಕ್ಕಿಂತ ಹೆಚ್ಚು ಬೇಸು ಯಾರೂ ತರುವುದಿಲ್ಲ, ತಾಸಿಗೊಮ್ಮೆ ಬಿಡುವು ಎಲ್ಲರಿಗೂ ಇರುತ್ತದೆ. ದರ ನಿಗದಿಗೆ ಕೂಡುವವರು ಇದಕ್ಕೂ ಕೂಡಬಹುದು. ಪೊಲೀಸರು ಪರವಾನಗಿ ಕೊಡುವಾಗ ಹೊತ್ತನ್ನಷ್ಟೇ ಬರೆಯದೆ ಡೆಸಿಬೆಲ್ ಬರೆಯಬೇಕು, ಮಾಪಕ ಹಿಡಿದು ಮೆರವಣಿಗೆಯ ಆರಂಭದಲ್ಲೇ ಅಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ 15 ನಿಮಿಷದ ಸರಾಸರಿ 100 ಡೆಸಿಬೆಲ್ ದಾಟಬಾರದೆಂದು ಹೇಳಿದೆ. ಅದು ಅಪರೂಪಕ್ಕೆ ಬರುವ ಕೇಳುಗರಿಗೆ ಹಾಕಿದ ಗೆರೆ. ದಿನವೂ ದುಡಿಯುವವರಿಗೆ ಗೆರೆ ಅದಕ್ಕಿಂತ ಬಹಳ ಕೆಳಗೆ ಇರಬೇಕು. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2000ದ ದಶಕದಿಂದ ಇದೆ, ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ. ಹಂಗಾಮು ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬ್ಯಾಂಡಿನವರ ಕಿವಿ ಪರೀಕ್ಷಿಸುವ ಶಿಬಿರ ಉದಗೀರದಲ್ಲೂ ಆಗಬೇಕು, ಬೀದರದಲ್ಲೂ ಆಗಬೇಕು. ಆ ಎರಡು ಪರೀಕ್ಷೆಗಳ ನಡುವಿನ ವ್ಯತ್ಯಾಸವನ್ನು ಕಣ್ಣಾರೆ ಕಂಡ ವಾದಕರಿಗೆ ‘ರೂಢಿ ಆಗ್ತದ’ ಎಂದು ಯಾರೂ ಹೇಳಲಾರರು.

ಎಲ್ಲಕ್ಕಿಂತ ದೊಡ್ಡ ಹೊಣೆ ಸುಪಾರಿ ಕೊಡುವವರದು. ಲಗ್ನದ ಮನೆಯವರು, ಮಂಡಳದ ಪದಾಧಿಕಾರಿಗಳು, ಜಯಂತಿ ಸಮಿತಿಯವರು ದುಡ್ಡು ಎಣಿಸುವ ಮೊದಲು ನಾಲ್ಕು ಮಾತು ಕೇಳಲಿ: ಬೇಸುಗಳನ್ನು ವಾದಕರಿಂದ ಎಷ್ಟು ದೂರ ಇಡುತ್ತೀರಿ, ಬಿಡುವು ಯಾವಾಗ, ಎಲ್ಲರ ಕಿವಿಗೂ ಬಿರಡೆ ಇದೆಯೇ, ದೀಪ ಹೊರುವ ಮಕ್ಕಳು ಇಲ್ಲವಷ್ಟೇ? ಈ ನಾಲ್ಕಕ್ಕೂ ಸರಿಯಾದ ಉತ್ತರ ಕೊಟ್ಟ ಪಾರ್ಟಿಗೆ ಸಾವಿರ ರೂಪಾಯಿ ಹೆಚ್ಚಾದರೂ ಕೊಡಲಿ. ಏರಿಸು ಎಂದು ಕೂಗುವ ಅಧಿಕಾರ ದುಡ್ಡು ಕೊಟ್ಟವರಿಗೆ ಇರುವುದಾದರೆ ಇಳಿಸು ಎಂದು ಹೇಳುವ ಅಧಿಕಾರವೂ ಅವರಿಗೇ ಇದೆ. ಬಾಡಿಗೆ ಕೊಟ್ಟು ನಾವು ಕೊಂಡದ್ದು ಅವರ ಒಂದು ದಿನದ ಹಾಡನ್ನು. ಅವರ ಉಳಿದ ಆಯುಷ್ಯದ ಕಿವಿಯನ್ನು ನಾವು ಕೊಂಡಿಲ್ಲ, ಕೊಳ್ಳುವ ಹಕ್ಕೂ ನಮಗಿಲ್ಲ.